ಮೂರು ಗುಂಡಿ, ಒಂದು ಗಂಟೆ

ಟಣ್, ಟಣ್, ಟಣ್.

ಗಂಟೆ ಮೂರು ಸಲ ಬಡಿಯಿತು. ಜುಂಜಯ್ಯನ ಬಲಗೈ ಲಿವರಿನ ಮೇಲೇ ಇತ್ತು, ಆದರೆ ಕದಲಲಿಲ್ಲ. ಒಂದು ಬಡಿದರೆ ನಿಲ್ಲಿಸಬೇಕು, ಎರಡು ಬಡಿದರೆ ಇಳಿಸಬೇಕು, ಮೂರು ಬಡಿದರೆ ಏರಿಸಬೇಕು. ಲಿವರು ಹಿಡಿದಂದಿನಿಂದ ಅವನು ಮಾಡಿದ್ದು ಇದನ್ನೇ. ಈಗ ಮಾತ್ರ ಕಿಟಕಿಯ ಕಡೆ ಕತ್ತು ಹೊರಳಿಸಿ ಕೂಗಿದ.

"ನಾಗಣ್ಣಾ, ಯಾರು ಬಡಿದಿದ್ದು ಕೇಳು."

ಹೊರಗೆ ಗಣಿಬಾವಿಯ ಬಾಯಲ್ಲಿ ನಿಂತಿದ್ದ ನಾಗಣ್ಣ ಬಗ್ಗಿ, ಎರಡೂ ಕೈ ಬಾಯಿಗೆ ಹಿಡಿದು ಕತ್ತಲೆಯೊಳಕ್ಕೆ ಕೂಗು ಹಾಕಿದ. ಕೂಗು ಇಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕೂಗು, ನೀರಲ್ಲಿ ನೆಂದು ಬಂದ ಹಾಗೆ, ಮೇಲೆ ಬಂತು.

"ತಳದಿಂದ ಅಂತೆ. ಗಾಡಿ ತುಂಬೈತೆ ಅಂತೆ. ಏರ್ಸಪ್ಪಾ!"

"ತೊಟ್ಟಿಲು ತಳದಾಗೇ ಐತಾ, ಕೇಳ್ದಾ?"

"ತಳದಾಗೆ ಇಲ್ದೆ ನಿಮ್ಮತ್ತೆ ಮನೇಲಿ ಇರ್ತೈತಾ? ಕೂಗೀ ಕೂಗೀ ನನ್ ಗಂಟ್ಲು ಹರ್ದೋಗೈತೆ. ಏರ್ಸು!"

ಜುಂಜಯ್ಯ ಏರಿಸಿದ. ಆಳೆತ್ತರದ ಉರುಳೆ ತಿರುಗಿತು, ಉಕ್ಕಿನ ಹಗ್ಗ ಸುತ್ತುತ್ತಾ ಬಂತು. ಆ ಹಗ್ಗದ ತುದಿಯಲ್ಲಿ ಮನುಷ್ಯರನ್ನೂ ಕಲ್ಲುಗಾಡಿಯನ್ನೂ ಹೊತ್ತು ತರುವ ಕಬ್ಬಿಣದ ಪಂಜರವಿತ್ತು. ಗಣಿಯವರು ಅದನ್ನು ಕೇಜು ಅನ್ನುತ್ತಿದ್ದರು. ಜುಂಜಯ್ಯನಿಗೆ ಮೊದಲ ದಿನದಿಂದಲೂ ಅದು ತೊಟ್ಟಿಲು.

ಗಣಿಯ ನಡುಹಂತದಲ್ಲಿ ಗಾಡಿ ಹತ್ತಿಸುತ್ತಿದ್ದ ಓಬಣ್ಣನ ಕಾಲು ಹೋದ ದಿನದಿಂದ ಅವನು ಹೀಗೆ. ಗಂಟೆಯನ್ನು ನಂಬುತ್ತಿರಲಿಲ್ಲ.

ನಂಬದಿರುವುದು ಅವನಿಗೆ ಹೊಸದೇನಲ್ಲ. ಮತ್ತೋಡಿನ ಆಚೆಯ ಗೊಲ್ಲರಹಟ್ಟಿಯಲ್ಲಿ ಹುಟ್ಟಿ, ಕುರಿಯ ಹಿಂದೆ ಬೆಳೆದವನು. ಪೊದೆ ಅಲ್ಲಾಡಿದರೆ ಗಾಳಿ ಅಂದುಕೊಳ್ಳುವವನ ಮಂದೆ ಬೆಳಗಾಗುವುದರೊಳಗೆ ಕರಗುತ್ತದೆ ಎಂದು ಅವನಪ್ಪ ಹೇಳುತ್ತಿದ್ದ. ಗುಡ್ಡದಲ್ಲಿ ತಾಮ್ರದ ಗಣಿ ತೋಡಿದಾಗ ಜುಂಜಯ್ಯ ಮೊದಲು ಸೇರಿದ್ದು ಬೇಲಿ ಕಾಯಲಿಕ್ಕೆ. ಕೋಲಾರದ ಕಡೆಯಿಂದ ಬಂದಿದ್ದ, ಉರುಳೆ ನಡೆಸುವ ಮುದಿ ಡ್ರೈವರು ಇವನ ಎಚ್ಚರ ನೋಡಿ, ಪಕ್ಕದಲ್ಲಿ ಕೂರಿಸಿಕೊಂಡು ಲಿವರು ಕಲಿಸಿದ. "ಇಲ್ಲಿ ಕಣ್ಣಿಗೆ ಕೆಲಸ ಇಲ್ಲ. ಕೆಳಗೆ ಏನಾಗ್ತಿದೆ ಅಂತ ನಿನಗೆ ಯಾವತ್ತೂ ಕಾಣಲ್ಲ. ಕಿವಿ ಒಂದೇ" ಎಂದಿದ್ದ.

ಆಗ ಗಂಟೆಗೆ ತಂತಿಯಿತ್ತು. ಬಾವಿಯ ಉದ್ದಕ್ಕೂ ಇಳಿಬಿಟ್ಟ ಒಂದೇ ತಂತಿ. ಬಾವಿಬಾಯಲ್ಲಿ ಒಂದು ಹಿಡಿ, ನಡುಹಂತದಲ್ಲಿ ಒಂದು, ತಳದಲ್ಲಿ ಒಂದು. ಯಾರು ಎಳೆದರೂ ಜುಂಜಯ್ಯನ ತಲೆಯ ಮೇಲಿನ ಸುತ್ತಿಗೆ ಎದ್ದು ಗಂಟೆಗೆ ಬೀಳುತ್ತಿತ್ತು. ಬೇರೆಯವರಿಗೆ ಅದು ಬರೀ ಗಂಟೆ. ಜುಂಜಯ್ಯನಿಗೆ ಹಾಗಲ್ಲ. ನಾಗಣ್ಣ ಎಳೆದರೆ ಬಾಗಿಲು ತಟ್ಟಿದಷ್ಟು ಹತ್ತಿರ. ನಡುಹಂತದ ಓಬಣ್ಣನದು ಅಳೆದು ಸುರಿದ ಎಳೆತ, ಒಂದರ ಹಾಗೇ ಇನ್ನೊಂದು. ತಳದಿಂದ ಎಳೆದರೆ ತಂತಿ ಮೊದಲು ನರಳಿ, ಆಮೇಲೆ ಗಂಟೆ ನುಡಿಯುತ್ತಿತ್ತು. ಕುರಿ ಕಾಯುವಾಗ ಮೂರು ಗುಡ್ಡದಾಚೆಯ ಸಿಳ್ಳು ಅಣ್ಣನದೋ ತಮ್ಮನದೋ ಎಂದು ತಿಳಿದಂತೆಯೇ ಇದೂ ತಿಳಿಯುತ್ತಿತ್ತು.

ತಳದಲ್ಲಿದ್ದವನು ಯತ್ತಪ್ಪ, ಜುಂಜಯ್ಯನ ಹೆಂಡತಿ ಮುದ್ದಕ್ಕನ ತಮ್ಮ. ಅವನಿಗೆ ತಾಳ್ಮೆಯೆಂಬುದು ಹಾಲು ಕುಡಿಸುವಾಗಲೇ ಬಿಟ್ಟುಹೋಗಿತ್ತು. ತೊಟ್ಟಿಲು ನಡುಹಂತದಲ್ಲಿ ನಿಂತು, ಓಬಣ್ಣ ನಿಧಾನವಾಗಿ ಗಾಡಿ ಹತ್ತಿಸುತ್ತಿದ್ದರೆ, ಇವನು ತಳದಲ್ಲಿ ನಿಂತು ಮೂರು ಎಳೆಯುವನು. ಬೇಗ ಮುಗಿಸಿ ನನ್ನ ಕಡೆ ಬಾ ಎಂದು ಅದರ ಅರ್ಥ. ಜುಂಜಯ್ಯ ಲಿವರು ಮುಟ್ಟುತ್ತಿರಲಿಲ್ಲ, ಒಬ್ಬನೇ ನಗುತ್ತಿದ್ದ. ತೊಟ್ಟಿಲು ಎಲ್ಲಿ ನಿಂತಿದೆಯೋ ಅಲ್ಲಿಯ ಕೈ ಎಳೆದರೆ ಮಾತ್ರ ಏರಿಸುವುದು, ಉಳಿದದ್ದನ್ನು ಕೇಳಿ ಬಿಡುವುದು. ಈ ಕಟ್ಟಳೆ ಯಾವ ಬೋರ್ಡಿನಲ್ಲೂ ಇರಲಿಲ್ಲ, ಅವನ ಕಿವಿಯಲ್ಲಿತ್ತು. ಸಂಜೆ ಚಾ ಗುಡಿಸಲಿನಲ್ಲಿ ಯತ್ತಪ್ಪನ ತಲೆಗೆ ಮೊಟಕಿ, "ಏನ್ಲೇ, ಬಾವಿ ತಳದಾಗೆ ಏನು ಹೆಂಡ್ತಿ ಬುತ್ತಿ ಬಿಚ್ಕಂಡು ಕಾಯ್ತಿದ್ಳಾ?" ಅನ್ನುತ್ತಿದ್ದ. ಅಲ್ಲಿಗೆ ಅದು ಮುಗಿಯುತ್ತಿತ್ತು.

ಆ ತಂತಿ ತುಕ್ಕು ಹಿಡಿದು ಒಂದು ದಿನ ತುಂಡಾಯಿತು. ತಳದವರು ಮಧ್ಯಾಹ್ನವೆಲ್ಲಾ ಕೂಗುತ್ತಾ ಕೂತರು. ಆಮೇಲೆ ಮ್ಯಾನೇಜರು ಚಿತ್ರದುರ್ಗದಿಂದ ಗೌಸ್ ಪೀರನನ್ನು ಕರೆಸಿದರು.

ಗೌಸ್ ಪೀರ್ ಕೋಟೆಯ ಕೆಳಗಿನ ಗಲ್ಲಿಯವನು. ಎಣ್ಣೆ ಮಿಲ್ಲುಗಳ ಮೋಟಾರು, ಟಾಕೀಸಿನ ದೀಪ, ಎಲ್ಲಾ ಅವನ ಕೈಯಲ್ಲೇ ಆಗಬೇಕು. ಗಣಿಯ ಪಕ್ಕದ ತಗಡಿನ ಕೋಣೆಯಲ್ಲಿ ಉಳಿದು, ಮೂರೂ ಕಡೆ ಒತ್ತುವ ಒಂದೊಂದು ಕರಿಯ ಗುಂಡಿ ಕೂರಿಸಿದ. ಮೂರರಿಂದಲೂ ಕರೆಂಟಿನ ತಂತಿ ಬಂದು ಒಂದೇ ಗಂಟೆಗೆ ಕೂಡಿತು.

"ನೋಡ್ರಿ ಜುಂಜಣ್ಣ. ಮೇಲೆ ಒತ್ಲಿ, ಕೆಳಗೆ ಒತ್ಲಿ, ಮಗು ಒತ್ಲಿ, ಪೈಲ್ವಾನ್ ಒತ್ಲಿ. ಗಂಟೆಗೆ ಎಲ್ಲಾ ಒಂದೇ. ಹುಕುಂ ಒಂದೇ."

"ಮೂರು ಬಾಯಿಗೆ ಒಂದೇ ನಾಲ್ಗೆ ಇಟ್ರಿ ಅನ್ರಿ."

"ಹಾಂ, ಸರಿಯಾಗಿ ಹೇಳಿದ್ರಿ!" ಗೌಸ್ ಪೀರ್ ಖುಷಿಯಿಂದ ನಕ್ಕ. ಆಮೇಲೆ ಮ್ಯಾನೇಜರ ಕಡೆ ತಿರುಗಿದ. "ಸಾರ್, ಬೇಕಂದ್ರೆ ಡ್ರೈವರ್ ಮುಂದೆ ಮೂರು ಸಣ್ಣ ದೀಪ ಹಾಕ್ತೀನಿ. ಯಾವ ಗುಂಡಿ ಒತ್ತಿದ್ರು ಅಂತ ಅದು ತೋರ್ಸುತ್ತೆ."

"ಗಂಟೆ ಬಂದರೆ ಸಾಲದೇನ್ರೀ? ಯಾರಾದರೇನು? ಏನು ಜುಂಜಯ್ಯ, ಬೇಕಾ ದೀಪ?"

ಬೇಕು ಎನ್ನಬಹುದಿತ್ತು. ಆದರೆ ಯಾಕೆ ಬೇಕು ಎಂದು ಕೇಳಿದರೆ, ಇಷ್ಟು ವರ್ಷ ಬಡಿದ ಗಂಟೆಗಳಲ್ಲಿ ಕೆಲವನ್ನು ತಾನು ಪಾಲಿಸಲೇ ಇಲ್ಲ ಎಂದು ಹೇಳಬೇಕಾಗುತ್ತಿತ್ತು. ಜುಂಜಯ್ಯ ಹೆಗಲ ಕಂಬಳಿ ಸರಿಮಾಡಿಕೊಂಡು, "ನೀವು ಹೇಳ್ದಂಗೆ ಸ್ವಾಮಿ" ಎಂದ.

ಹೊಸ ಗಂಟೆ ಚೊಕ್ಕವಾಗಿ ಬಡಿಯುತ್ತಿತ್ತು. ನರಳಿಕೆ ಇಲ್ಲ, ಹತ್ತಿರ ದೂರ ಇಲ್ಲ. ಗುರುತಿಲ್ಲದ ಮನುಷ್ಯ ಬಾಗಿಲಲ್ಲಿ ನಿಂತು ಕರೆದ ಹಾಗೆ. ಆ ವಾರವೇ ಒಂದು ಬೆಳಿಗ್ಗೆ, ತೊಟ್ಟಿಲು ನಡುಹಂತದಲ್ಲಿ ನಿಂತಿದ್ದಾಗ, ಮೂರು ಬಡಿಯಿತು. ಜುಂಜಯ್ಯ ಏರಿಸಿದ. ಓಬಣ್ಣನ ಒಂದು ಕಾಲು ತೊಟ್ಟಿಲ ಒಳಗಿತ್ತು, ಇನ್ನೊಂದು ಹೊರಗೆ. ನಿಲ್ಲಿಸು ಎಂದು ಒಂದು ಬಡಿಯುವಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ತೆಗೆದರು.

ಮಂಚದ ಮೇಲೆ ಓಬಣ್ಣ ಹೇಳಿದ್ದು ಒಂದೇ ಮಾತು: "ನನ್ನ ಎರಡೂ ಕೈ ಗಾಡಿ ಮೇಲಿದ್ವು. ನಾನು ಒತ್ಲಿಲ್ಲ ಜುಂಜಣ್ಣ. ನೀನು ಗಂಟೆ ಇಲ್ದೆ ಏರ್ಸಿದ್ಯಾ?"

ಆ ಪ್ರಶ್ನೆ ಜುಂಜಯ್ಯನ ಒಳಗೆ ಮುಳ್ಳಿನಂತೆ ಮುರಿದು ಉಳಿಯಿತು. ಮೂರು ಬಡಿದಿದ್ದು ನಿಜವೇ? ಅಥವಾ ಹಿಂದಿನ ಸಲದ ಗಂಟೆ ಕಿವಿಯಲ್ಲಿ ಉಳಿದಿತ್ತೇ? ಮೊದಲು ತನ್ನನ್ನೇ ಅನುಮಾನಿಸಿದ. ಅದು ಹೆಚ್ಚು ದಿನ ತಡೆದುಕೊಳ್ಳಲಾಗುವ ಅನುಮಾನವಲ್ಲ. ಆಮೇಲೆ ನಾಗಣ್ಣನನ್ನು, ಬೀಡಿ ಹಚ್ಚುವಾಗ ಮೊಣಕೈ ತಾಗಿಸಿರಬಹುದೆಂದು. ಆಮೇಲೆ ಯತ್ತಪ್ಪನ ಹೆಸರು ಬಂತು. ಬಂದ ಕೂಡಲೇ ಅದನ್ನು ಹಿಂದಕ್ಕೆ ತಳ್ಳಿದ.

ಹಟ್ಟಿಯ ಯಜಮಾನ ಕಾಟಲಿಂಗಪ್ಪ, ಇದು ಹಟ್ಟಿಯವನೊಬ್ಬನ ಕಾಲಿನ ಮಾತು, ಆಣೆಯಾಗಲಿ ಎಂದ. ದೇವರಮನೆಯ ಮುಂದೆ ಕರಿ ಕಂಬಳಿ ಹಾಸಿದರು. ಆ ಕಂಬಳಿಯ ಮೇಲೆ ಬರಿಗಾಲಲ್ಲಿ ನಿಂತು ಸುಳ್ಳಾಡಿದವರಿಲ್ಲ. ಅದರ ಮೇಲೆ ನಿಂತವನ ಮಾತನ್ನು ಮತ್ತೆ ಯಾರೂ ಕೆದಕುವಂತಿರಲಿಲ್ಲ.

"ತೊಟ್ಟಿಲು ಏರ್ಲಿ ಅಂತ ನೀನು ಗುಂಡಿ ಒತ್ತಿದ್ಯೇನಪ್ಪ?" ಎಂದು ಯಜಮಾನ ಕೇಳಿದ.

ನಾಗಣ್ಣ ನಿಂತು ಇಲ್ಲ ಎಂದ. ಯತ್ತಪ್ಪ ನಿಂತು, "ಏರ್ಲಿ ಅಂತ ಒತ್ಲಿಲ್ಲ, ದೇವ್ರಾಣೆ" ಎಂದ. ಜುಂಜಯ್ಯ ನಿಂತು, ಗಂಟೆ ಬಡಿದಿತ್ತು ಎಂದ.

ಗಣಿಯಿಂದ ಜೊತೆಗೆ ಬಂದಿದ್ದ ಗೌಸ್ ಪೀರ್ ಚಪ್ಪಲಿ ಬಿಟ್ಟು ಮುಂದೆ ಬಂದ. "ನಾನೂ ನಿಲ್ತೀನಿ. ನನ್ನ ವೈರಿಂಗ್ ತಾನಾಗಿ ಬಡಿಯಾಕೆ ಸಾಧ್ಯವೇ ಇಲ್ಲ ಅಂತ ಹೇಳ್ತೀನಿ. ಹಾಸಿರೋ ಕಂಬಳಿ ತಾನೇ?"

ಹಿಂದಿನಿಂದ ಯಾರೋ ನಕ್ಕರು. "ಸಾಬ್ರೇ, ಇದು ನಮ್ಮ ದೇವ್ರು. ನಿಮ್ಮಾಣೆ ಅವ್ನಿಗೆ ಅರ್ಥ ಆಗಾಕಿಲ್ಲ."

ಕಾಟಲಿಂಗಪ್ಪ ಕಂಬಳಿ ಮಡಿಸಿದ. ಮಡಿಸಿದ ಮೇಲೆ ಅನುಮಾನಕ್ಕೆ ಹೋಗಲು ಒಂದೇ ದಾರಿ ಉಳಿಯಿತು.

ಮಾರನೆಯ ದಿನ ಮ್ಯಾನೇಜರು ವಿಚಾರಿಸಿದಾಗ ಜುಂಜಯ್ಯ ಗೌಸ್ ಪೀರನ ಎದುರಿಗೇ ಹೇಳಿದ: ಹುಡುಗರು ಆಣೆ ಮಾಡಿದ್ದಾರೆ, ತಂತಿ ಮಾತ್ರ ಮಾಡಿಲ್ಲ. ಗೌಸ್ ಪೀರ್ ಮೂರು ಗುಂಡಿಗಳನ್ನೂ ಬಿಚ್ಚಿ ತೋರಿಸಿದ, ನೀರು ಚಿಮುಕಿಸಿ ತೋರಿಸಿದ. ತಾನಾಗಿ ಒಂದು ಸಲವೂ ಬಡಿಯಲಿಲ್ಲ.

"ಎಲ್ಲಾ ಸರಿ ಐತಲ್ಲ, ಅದೇ ನಂಗೆ ಅನುಮಾನ" ಎಂದ ಜುಂಜಯ್ಯ.

"ಅರೆ ಜುಂಜಣ್ಣ, ಕೆಟ್ಟಿದ್ರೆ ಕೆಟ್ಟಿದೆ ಅಂತೀರಿ, ಸರಿ ಇದ್ರೆ ಅದಕ್ಕೂ ಅನುಮಾನ ಅಂತೀರಿ. ನಾನು ಎಲ್ಲಿ ನಿಲ್ಲಲಿ?" ಗೌಸ್ ಪೀರನ ದನಿ ತಗ್ಗಿತು. "ಗಣಿಯಲ್ಲಿ ಒಬ್ಬರ ಕಾಲು ತೆಗೆದವನು ಅಂತ ಹೆಸರು ಬಿದ್ರೆ, ನಾಳೆ ಹಿರಿಯೂರಲ್ಲಾಗಲಿ ಹೊಳಲ್ಕೆರೆಯಲ್ಲಾಗಲಿ ಯಾವ ಮಿಲ್ಲಿನವರು ನನ್ನ ಒಳಗೆ ಬಿಡ್ತಾರೆ?"

ತಪ್ಪು ಹೊರಿಸಲು ಮ್ಯಾನೇಜರಿಗೂ ಒಬ್ಬ ಬೇಕಾಗಿದ್ದ. ತಪ್ಪು ವೈರಿಂಗಿನದೆಂದು ತೀರ್ಮಾನವಾಯಿತು. ಹೊಸ ಉಕ್ಕಿನ ತಂತಿ ಬರುವವರೆಗೆ ಗುಂಡಿಗಳಿರಲಿ, ಬಂದ ದಿನ ಎಲ್ಲಾ ಕಿತ್ತುಕೊಂಡು ಗೌಸ್ ಪೀರ್ ಹೊರಡಲಿ ಎಂದರು.

ತಂತಿ ಇವತ್ತು ಬಂದಿತ್ತು.

ಪಾಳಿ ಮುಗಿಸಿ ಜುಂಜಯ್ಯ ಏಕನಾಥಮ್ಮನ ಚಾ ಗುಡಿಸಲಿಗೆ ಬಂದಾಗ ಬಾವಿಬಾಯಿಯ ಹತ್ತಿರ ಗೌಸ್ ಪೀರ್ ಕುಕ್ಕರಗಾಲಲ್ಲಿ ಕೂತು ಗುಂಡಿಯ ತಿರುಪು ಬಿಚ್ಚುತ್ತಿದ್ದುದು ಕಾಣುತ್ತಿತ್ತು. ಪಕ್ಕದಲ್ಲಿ ಅವನ ತಗಡಿನ ಪೆಟ್ಟಿಗೆ. ಹೊಸದುರ್ಗದ ಬಸ್ಸು ಬರಲು ಇನ್ನೂ ಹೊತ್ತಿತ್ತು.

"ಪಾಪ, ಬೆಳಿಗ್ಗೆಯಿಂದ ಒಂದು ಲೋಟ ಚಾ ಕುಡ್ದಿಲ್ಲ ಆ ಮನುಷ್ಯ" ಎಂದಳು ಏಕನಾಥಮ್ಮ. "ಕರದ್ರೂ ಬರ್ಲಿಲ್ಲ. ಜುಂಜಣ್ಣ ಬರ್ತಾರೆ, ನನ್ನ ಲೋಟನೂ ಬಿಚ್ಚಿ ನೋಡ್ತಾರೆ ಅಂದ."

"ನಿನ್ನ ಚಾ ಬಿಚ್ಚಿ ನೋಡಿದ್ರೆ ನೀರೇ ಸಿಗಾದು, ಕೊಡಮ್ಮ."

ಬೆಂಚಿನ ಮೇಲೆ ಮೊದಲೇ ಬಂದು ಕೂತಿದ್ದ ಯತ್ತಪ್ಪ ಸರಿದು ಜಾಗ ಬಿಟ್ಟ. ಎಷ್ಟೋ ದಿನದ ಮೇಲೆ ಅವನ ಮುಖ ಸಡಿಲವಾಗಿತ್ತು.

"ಅಂತೂ ತಂತಿ ಬಂತಲ್ಲ ಭಾವ. ಬೆಳಿಗ್ಗೆಯಿಂದ ಎದೆ ಮೇಲಿನ ಕಲ್ಲು ಇಳಿದಂಗೈತೆ."

"ನಿನ್ನೆದೆ ಮೇಲೆ ಯಾವ ಕಲ್ಲಪ್ಪ?"

"ಅದೇ, ತಂತಿ ಆದ್ರೆ ನನ್ನ ಗಂಟೆ ನಿಂಗೆ ಗುರ್ತು ಸಿಗ್ತೈತೆ. ಈ ಗುಂಡೀಲಿ ಅದು ಸಿಗಾಕಿಲ್ಲ ಅಂತ ನಂಗೇನು ಗೊತ್ತಿತ್ತು..."

ಜುಂಜಯ್ಯ ಬಾಯಿಯವರೆಗೆ ಒಯ್ದ ಲೋಟವನ್ನು ಕೆಳಗಿಟ್ಟ.

"ಗುಂಡೀಲೂ ಒತ್ತಿದ್ಯಾ?"

ಯತ್ತಪ್ಪ ಏಕನಾಥಮ್ಮನ ಕಡೆ ನೋಡಿದ. ಅವಳು ಒಲೆ ಊದಲು ಬಗ್ಗಿದಳು.

"ಓಬಣ್ಣ ಅವತ್ತು ಗಾಡಿ ಹತ್ಸಾಕೆ ಹೊತ್ತು ಮಾಡ್ತಿದ್ದ ಭಾವ. ನಾನು ಯಾವಾಗ್ಲೂ ಒತ್ತಾಂಗೆ..."

"ಕಂಬಳಿ ಮೇಲೆ ನಿಂತಿದ್ದೆ ನೀನು."

"ಸುಳ್ಳು ಹೇಳ್ಲಿಲ್ಲ ಭಾವ! ಏರ್ಲಿ ಅಂತ ನಾನು ಒತ್ಲೇ ಇಲ್ಲ. ಬೇಗ ಬಾ ಅಂತ ಒತ್ತಿದ್ದು. ನೀನು ನಗ್ತೀಯ ಅಂತ ಒತ್ತಿದ್ದು." ಅವನ ಕಣ್ಣು ತುಂಬಿತ್ತು, ದನಿಯಲ್ಲಿ ಮಾತ್ರ ದೂರಿತ್ತು. "ಇಷ್ಟು ವರ್ಷ ಕತ್ತಲೆಯಿಂದ ಎಳೆದ್ರೂ ನಾನೇ ಅಂತ ಗೊತ್ತಾಗ್ತಿತ್ತು ನಿಂಗೆ. ಅವತ್ತು ಯಾಕೆ ಗೊತ್ತಾಗ್ಲಿಲ್ಲ?"

ಜುಂಜಯ್ಯನಿಗೆ ದೀಪದ ಮಾತು ನೆನಪಾಯಿತು. ಮೂರು ಸಣ್ಣ ದೀಪ. ಬೇಕಾ ಎಂದು ಮ್ಯಾನೇಜರು ಕೇಳಿದ್ದು ತನ್ನನ್ನೇ. ಕುರಿ ಕಾಯುವಾಗ ಪೊದೆ ಪೊದೆಯನ್ನೂ ಬಡಿದು ನೋಡುತ್ತಿದ್ದವನು, ತನ್ನ ಕಂಬಳಿಯ ಮಡಿಕೆಯೊಂದನ್ನು ಬಿಟ್ಟು ಎಲ್ಲಾ ಬಡಿದು ನೋಡಿದ್ದ.

ಅಲ್ಲಿ ಬಾವಿಬಾಯಲ್ಲಿ ಗೌಸ್ ಪೀರ್ ಕೊನೆಯ ತಂತಿಯನ್ನು ಮೊಣಕೈಗೆ ಸುತ್ತಿಕೊಳ್ಳುತ್ತಿದ್ದ. ಅವನ ಹಿಂದೆ ಆಫೀಸಿನ ಬಾಗಿಲು ಇನ್ನೂ ತೆರೆದಿತ್ತು.

"ಯಾರಿಗೂ ಹೇಳ್ಬ್ಯಾಡ ಭಾವ" ಎಂದು ಯತ್ತಪ್ಪ ಹತ್ತಿರ ಸರಿದ. "ಅಕ್ಕನ ಮುಖ ನೋಡು. ಹೆಂಗೂ ಆ ಸಾಬ್ರು ಇವತ್ತು ಹೋಗ್ತಾರೆ. ದುರ್ಗದಾಗೆ ಅವರಿಗೆ ಕೆಲಸಕ್ಕೇನು, ಸಿಕ್ತೈತೆ. ನಾಳೆಯಿಂದ ತಂತಿ. ನಾನು ಇನ್ನು ಮುಂದೆ ಒಂದು ಸಲನೂ ಸುಮ್ಮ ಸುಮ್ಮನೆ..."

ಜುಂಜಯ್ಯ ಎದ್ದ. ಹೆಗಲ ಕಂಬಳಿಯನ್ನು ಇಳಿಸಿ ಕೈಯಲ್ಲಿ ಹಿಡಿದ, ನೆಲಕ್ಕೆ ಹಾಸಲು ಹೊರಟವನ ಹಾಗೆ. ಬಾಗಿಲಲ್ಲಿ ಚಪ್ಪಲಿಗೆ ಕಾಲು ಹಾಕಲಿಲ್ಲ. ಬರಿಗಾಲಲ್ಲೇ ಕಲ್ಲುಚೂರಿನ ಮೇಲೆ ಗೌಸ್ ಪೀರನ ಕಡೆಗೆ ನಡೆದ.

"ಭಾವ, ಚಪ್ಪಲಿ! ಭಾವ, ನಾನು ಹೇಳಾದು ಪೂರ್ತಿ ಕೇಳು, ನಾನು ಏನಂದೆ ಅಂದ್ರೆ..."