ಹಿನ್ನೀರಿನ ಹೊಗೆದೋಣಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಅಣೆಕಟ್ಟು ಕಟ್ಟುವ ಕಾಲದಲ್ಲಿ ಓಡಾಡಿದ್ದ ತೇಗದ ಉಗಿದೋಣಿಯೊಂದು ತುಂಗಭದ್ರೆಯ ಹಿನ್ನೀರಿನ ದಂಡೆಯಲ್ಲಿ, ಜಾಲಿಗಿಡಗಳ ನಡುವೆ ಬಿದ್ದಿತ್ತು. ಜನ ಅದನ್ನು ಹೊಗೆದೋಣಿ ಎನ್ನುತ್ತಿದ್ದರು. ನಮ್ಮ ಪಕ್ಕದ ಮನೆಯಲ್ಲಿ ರೈಲ್ವೆ ಫಿಟ್ಟರ್ ಆಗಿ ನಿವೃತ್ತರಾದ ಹಿರಿಯರೊಬ್ಬರಿದ್ದರು. ಒಂದು ಭಾನುವಾರ ಅವರು ನನ್ನನ್ನು ಅಲ್ಲಿಗೆ ಕರೆದೊಯ್ದು, ಬಾಯ್ಲರನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟರು.

"ಅಕ್ಕೋರ, ಇದಿನ್ನೂ ಗಟ್ಟಿ ಐತ್ರಿ."

ನನಗೆ ಅಷ್ಟೇ ಸಾಕಾಯಿತು. ಅಣೆಕಟ್ಟಿನ ಕಚೇರಿಯ ಒಪ್ಪಿಗೆ ಸಿಕ್ಕ ಮೇಲೆ ಒಂದೂವರೆ ವರ್ಷದ ಭಾನುವಾರಗಳೆಲ್ಲ ಅಲ್ಲೇ ಕಳೆದವು. ಆರೇಳು ಜನ ಸೇರಿ ಬಾಯ್ಲರನ್ನು ಕೆಳಗಿಳಿಸಿದೆವು, ತುಕ್ಕು ಕೆರೆದೆವು, ಕೊಳವೆ ಬದಲಿಸಿದೆವು, ಹಲಗೆಗಳ ಸಂದಿಗೆ ಹತ್ತಿ, ಡಾಂಬರು ತುಂಬಿದೆವು. ನನ್ನ ಎರಡು ಸೀರೆಗಳು ಅದಕ್ಕೇ ಮೀಸಲಾದವು.

ಬಾಯ್ಲರ್ ಕೂರಿಸುವ ಮೊದಲು ದೋಣಿಯನ್ನು ನೀರಿಗಿಳಿಸಿ ನೋಡಿದೆವು. ಗಂಟೆಯೊಳಗೆ ಅದು ನೀರು ತುಂಬಿಕೊಂಡು, ದಂಡೆಯ ಪಕ್ಕದಲ್ಲೇ ತಳ ಹಿಡಿದು ಕುಳಿತಿತು. ಫಿಟ್ಟರ್ ತಲೆಯ ಮೇಲೆ ಕೈ ಹೊತ್ತರು. ನನ್ನ ಕಣ್ಣು ತುಂಬಿತು.

ಅಲ್ಲೇ ಹರಿಗೋಲು ನಡೆಸುತ್ತಿದ್ದ ಹೆಂಗಸು ಮಾತ್ರ ನಕ್ಕಳು.

"ಅಳಬ್ಯಾಡ್ರಿ ಅಕ್ಕೋರ. ಒಣಗಿದ ಕಟ್ಟಿಗಿ, ನೀರು ಕುಡೀಲಿ ಬಿಡ್ರಿ. ಎಂಟು ದಿನಕ್ಕ ಉಬ್ಬಿ, ಸಂದಿ ತಾವ ಮುಚ್ಚಿಕೊಂತಾವ."

"ಮುಳುಗಿಸಿ ರಿಪೇರಿ ಮಾಡೋದು ನಾ ಎಲ್ಲೂ ಕಂಡಿಲ್ಲ," ಎಂದು ಫಿಟ್ಟರ್ ಗೊಣಗಿದರು.

"ನಿಮ್ಮ ರೈಲು ನೀರಾಗ ಓಡತಿದ್ವೇನ್ರಿ?" ಎಂದಳು ಆಕೆ.

ಮುಂದಿನ ಭಾನುವಾರ ಕೊಡಗಳಲ್ಲಿ ನೀರು ಮೊಗೆದು ಚೆಲ್ಲಿದೆವು. ದೋಣಿ ತೇಲಿತು. ಮಧ್ಯಾಹ್ನದವರೆಗೆ ಕಾದರೂ ಒಳಗೆ ನೀರು ಜಿನುಗಲಿಲ್ಲ. ಫಿಟ್ಟರ್ ಆಕೆಗೆ ಕೈಮುಗಿದರು.

ಬಾಯ್ಲರ್ ಕೂರಿಸಿ, ಪರೀಕ್ಷೆ ಮುಗಿಸಿ, ಮೊದಲ ಸಲ ಉರಿ ಹಾಕಿದ ಬೆಳಿಗ್ಗೆ ದಂಡೆಯ ತುಂಬ ಜನ. ನಾವೆಲ್ಲ ದೋಣಿ ಹತ್ತಿದೆವು; ಹರಿಗೋಲಿನವಳು ಎಲ್ಲರಿಗಿಂತ ಮುಂದೆ ಕುಳಿತಳು. ಫಿಟ್ಟರ್ ಹಿಡಿಕೆಯನ್ನು ಮುಂದಕ್ಕೆ ತಳ್ಳಿದರು. ದೋಣಿ ಒಮ್ಮೆ ನಡುಗಿ, ಬಲು ಗಾಂಭೀರ್ಯದಿಂದ ಹಿಂದಕ್ಕೆ ಹೊರಟಿತು.

"ಯಜ್ಜಾ, ಹಿಂದಕ ಹೊಂಟೈತಿ!" ಎಂದು ದಂಡೆಯಿಂದ ಯಾರೋ ಕೂಗಿದರು.

ಯಂತ್ರದ ಸಲಾಕೆಯೊಂದನ್ನು ಫಿಟ್ಟರೇ ತಿರುಗುಮುರುಗಾಗಿ ಜೋಡಿಸಿದ್ದರು. ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣೊರೆಸಿಕೊಂಡರು. "ಹಿಂದಕ ಎಳದ್ರ ಮುಂದಕ ಹೊಕ್ಕೈತಿ ಬಿಡ್ರಿ," ಎಂದು ಹಿಡಿಕೆ ಎಳೆದರು. ನಾವು ನಿಜಕ್ಕೂ ಮುಂದೆ ಹೋದೆವು! ಬೆಳ್ಳಕ್ಕಿಗಳು ಗುಂಪಾಗಿ ಎದ್ದವು.

ಆಮೇಲಿನ ವರ್ಷಗಳಲ್ಲಿ ದೋಣಿಯ ಆರೈಕೆ ನಿಲ್ಲಲಿಲ್ಲ. ಉರಿ ಹಾಕುವುದು, ಉಗಿಯ ಒತ್ತಡ ನೋಡುವುದು, ಎಲ್ಲವನ್ನೂ ಹರಿಗೋಲಿನವಳು ಕಲಿತಳು. ಕೊನೆಕೊನೆಗೆ ದೋಣಿ ನಡೆಸುತ್ತಿದ್ದವಳು ಆಕೆಯೇ. ಫಿಟ್ಟರ್ ನೆರಳಿನಲ್ಲಿ ಕಾಲು ಚಾಚಿ, ಮಂಡಕ್ಕಿ ತಿನ್ನುತ್ತ ಕೂರುತ್ತಿದ್ದರು.