ಅಕ್ಕನ ಮದುವೆಯ ಇಂಗ್ಲಿಷ್ ಹಾಡು

ಅಕ್ಕನ ಮದುವೆಯಲ್ಲಿ ಆ ಇಂಗ್ಲಿಷ್ ಹಾಡು ಹಾಕಿಸಿದವನು ನಾನು. ಮೈಕ್‌ಸೆಟ್ಟಿನ ಅನ್ವರ್ ಸಾಹೇಬರಲ್ಲ — ನಾನು. ಇಂದಿಗೂ ಆ ಕಥೆ ಹೇಳಿಕೊಂಡು ನಗುವ ನಮ್ಮ ಮನೆಯವರು ಇದನ್ನು ಓದಿ ಬಾಯಿ ಮುಚ್ಚಿಕೊಂಡರೆ ಅಷ್ಟೇ ಸಾಕು.

ಆಗ ಅರವತ್ತರ ದಶಕ. ನಾನು ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿದ್ದೆ. ಗೆಳೆಯರೆಲ್ಲ ಇಂಗ್ಲೆಂಡಿನ ಒಂದೇ ಸಂಗೀತ ತಂಡವನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತಿದ್ದರು. ನನಗೆ ಹಿಡಿಸಿದ್ದು ಅದೇ ದೇಶದ ಇನ್ನೊಂದು ತಂಡ. ಹೆಸರು ಬರೆಯುವುದಿಲ್ಲ, ಬರೆದರೂ ನಿಮಗೆ ಗೊತ್ತಿರುವುದಿಲ್ಲ. ರೇಡಿಯೋದಲ್ಲಿ ಅವರ ಹಾಡು ಅಪರೂಪಕ್ಕೊಮ್ಮೆ ಬರುತ್ತಿತ್ತು, ಅದೂ ಗರಗರ ಸದ್ದಿನ ನಡುವೆ. ಆ ಹಾಡುಗಾರನ ದನಿಯಲ್ಲಿ ಏನೋ ಒಂದು ಮುನಿಸು — ಯಾರೂ ಕೇಳದಿದ್ದರೂ ಹಾಡಿಯೇ ತೀರುತ್ತೇನೆ ಎನ್ನುವಂಥದ್ದು. ಅದು ನನ್ನದೇ ಮುನಿಸು ಅನ್ನಿಸುತ್ತಿತ್ತು. ಬೆಂಗಳೂರಿನಿಂದ ಅವರದೊಂದು ರೆಕಾರ್ಡು ತರಿಸಿದೆ. ಗೆಳೆಯರು ಮೂಗು ಮುರಿದರು. ಇರಲಿ, ನಮ್ಮ ಮನೆಯಿರುವ ಇಡೀ ಕೋಟೆ ಬೀದಿಗೇ ಕೇಳಿಸುತ್ತೇನೆ ಎಂದು ಹಠ ಹುಟ್ಟಿತು.

ಮದುವೆಗೆ ಅನ್ವರ್ ಸಾಹೇಬರು ಭದ್ರಾವತಿಯಿಂದ ಮೈಕ್‌ಸೆಟ್ ತಂದಿದ್ದರು. ಕೋಟೆಯ ಮದುವೆಗಳಿಗೆಲ್ಲ ಆಗ ಅವರದೇ ಮೈಕು. ಊಟದ ಹೊತ್ತಿಗೆ ಹೋಗಿ ರೆಕಾರ್ಡು ಕೊಟ್ಟೆ.

"ಬೇಡ ತಮ್ಮಾ, ಹಿರಿಯರು ಬೈತಾರೆ" ಎಂದರು.

"ಅಪ್ಪಾಜಿನೇ ಹಾಕ್ಸು ಅಂದ್ರು" ಎಂದೆ. ಹಸಿ ಸುಳ್ಳು.

ಚಪ್ಪರಕ್ಕೆ ಕಟ್ಟಿದ್ದ ಮೈಕಿನ ಹಾರ್ನಿನಲ್ಲಿ ಹಾಡು ಕಿರುಚಿತು. ಗಂಡಿನ ಕಡೆಯ ಹಿರಿಯರೊಬ್ಬರು ಎಲೆ ಬಿಟ್ಟು ಎದ್ದರು. ಅವರ ಹಿಂದೆ ಇಡೀ ಪಂಕ್ತಿ ಎದ್ದಿತು. ಅಪ್ಪಾಜಿ ಚಪ್ಪರದ ಮೂಲೆಗೆ ನುಗ್ಗಿ, "ಯಾವನೋ ಇದನ್ನ ಹಾಕ್ಸಿದ್ದು?" ಎಂದು ಕೂಗಿದರು. ಅನ್ವರ್ ಸಾಹೇಬರು ನನ್ನ ಕಡೆ ಕೈ ತೋರಿಸಿದರು.

"ನಂಗೇನು ಗೊತ್ತು? ಅದು ಅವ್ರದ್ದೇ ರೆಕಾರ್ಡು" ಎಂದೆ.

"ಸುಳ್ಳು ಸ್ವಾಮಿ! ನಿಮ್ಮ ಮಗನೇ—"

ಮಾತು ಮುಗಿಯುವ ಮೊದಲೇ ಅಪ್ಪಾಜಿ ಅವರ ಕೆನ್ನೆಗೆ ಬಾರಿಸಿದರು. ರೆಕಾರ್ಡನ್ನು ಕಿತ್ತು ನೆಲಕ್ಕೆ ಅಪ್ಪಳಿಸಿದರು. ನನಗೆ ಅಳು ಬಂತು — ರೆಕಾರ್ಡಿಗಾಗಿ, ಅವರಿಗಾಗಿ ಅಲ್ಲ. ಅದನ್ನೂ ಬರೆಯಬೇಕು.

ರೆಕಾರ್ಡು ಅವರದ್ದೇ ಎಂದದ್ದು ಹೆದರಿ ಬಾಯಿ ತಪ್ಪಿ ಬಂದ ಮಾತಲ್ಲ. ಮೈಕಿನ ಸಾಬರ ಮಾತಿಗಿಂತ ಮನೆಮಗನ ಮಾತನ್ನೇ ನಂಬುತ್ತಾರೆ ಎಂದು ನನಗೆ ಗೊತ್ತಿತ್ತು — ಗೊತ್ತಿದ್ದೇ ಆಡಿದೆ. ಆಮೇಲೆ ಕೋಟೆಯ ಯಾವ ಮದುವೆಗೂ ಅವರನ್ನು ಕರೆಯಲಿಲ್ಲ. "ಬೀಗರನ್ನ ಎಬ್ಬಿಸಿದ ಸಾಬಿ" ಎಂಬ ಹೆಸರೇ ಅವರಿಗೆ ನಿಂತಿತು. ಯಾರಾದರೂ ಹಾಗೆಂದಾಗ ನಾನೂ ನಕ್ಕಿದ್ದೇನೆ.

ಕೆಲವು ವರ್ಷ ಕಳೆದ ಮೇಲೆ ಭದ್ರಾವತಿಯ ಅವರ ಅಂಗಡಿಗೆ ಹೋದೆ. ತಪ್ಪಾಯಿತು ಎಂದೆ. ರಿಪೇರಿ ಮಾಡುತ್ತಿದ್ದ ರೇಡಿಯೋದಿಂದ ಅವರು ತಲೆ ಎತ್ತಲಿಲ್ಲ.

"ನನ್ ಹತ್ರ ಏನ್ ಹೇಳ್ತೀರಿ? ನಂಗೆ ಗೊತ್ತಿರೋದೇ ಅಲ್ವಾ? ಕೋಟೇಲಿ ಹೇಳಿ. ಆಗಲ್ಲ ಅಂದ್ರೆ ಇನ್ನೊಂದ್ಸಲ ಈ ಅಂಗಡಿ ಮೆಟ್ಲು ಹತ್ಬೇಡಿ."

ಆಗಿನ್ನೂ ಅಪ್ಪಾಜಿ ಇದ್ದರು. ಎಲೆ ಬಿಟ್ಟು ಎದ್ದ ಬೀಗರೂ ಇದ್ದರು. ಸಂಜೆ ಮನೆಗೆ ಬಂದಾಗ ಅಪ್ಪಾಜಿ, "ಎಲ್ಲಿಗೆ ಹೋಗಿದ್ಯೋ?" ಎಂದು ಕೇಳಿದರು.

"ಎಲ್ಲೂ ಇಲ್ಲ" ಎಂದೆ.