ಶೆಡ್ಡಿನ ಒಲೆ ಯಾರ ಕಡೆ?

ನಮ್ಮ ಚಿಕ್ಕಮ್ಮನಿಗೆ ನಮ್ಮಮ್ಮನನ್ನು ಕಂಡರೆ ಹೊಟ್ಟೆಕಿಚ್ಚು. ಇದೇನು ಗುಟ್ಟಲ್ಲ, ಅವಳೇ ಹೇಳಿಕೊಂಡು ತಿರುಗುತ್ತಾಳೆ. ಅಮ್ಮನಿಗೆ ಉದ್ದ ಜಡೆ, ಇವಳಿಗೆ ಮೋಟು ಜಡೆ. ಅಮ್ಮನಿಗೆ ಕೆಲಸ ಸಿಕ್ಕಿ ನಾಲ್ಕು ವರ್ಷವಾದ ಮೇಲೆ ಇವಳಿಗೂ ಸಿಕ್ಕಿತು, ಅದೂ ಅದೇ ಕೆಲಸ. ಅಮ್ಮ ಊರಿನ ಪಶ್ಚಿಮ ವಿಭಾಗದ ಗುಮಾಸ್ತೆ, ಇವಳು ಪೂರ್ವ ವಿಭಾಗದವಳು. ಎರಡರ ನಡುವೆ ಗಡಿ ಅಂದರೆ ಒಂದು ಹಳೇ ಚರಂಡಿ, ಅಷ್ಟೇ.

ಈ ಸಲ ಜಿಲ್ಲಾ ಕಚೇರಿಯಿಂದ ಆದೇಶ ಬಂತು. ಜನಗಣತಿ ಮುಗಿದ ಮೇಲೆ ಎರಡೂ ವಿಭಾಗ ಸೇರಿ ಒಂದಾಗುತ್ತವೆ, ಜನ ಎಲ್ಲಿ ಹೆಚ್ಚೋ ಕಚೇರಿ ಅಲ್ಲೇ. ಚಿಕ್ಕಮ್ಮ ಮೊದಲ ಪುಟ ಓದಿ ಕಾಗದ ಮಡಚಿಟ್ಟಳು. ಕಚೇರಿ ತನ್ನ ಕಡೆ ಉಳಿಯಲೇಬೇಕು, ಅಕ್ಕನ ಕೈಕೆಳಗೆ ಮಾತ್ರ ಕೂರುವುದಿಲ್ಲ ಎಂದು ಪಟ್ಟು ಹಿಡಿದಳು.

ಎಣಿಕೆ ಮುಗಿದಾಗ ಅಮ್ಮನ ಕಡೆ ಮೂವತ್ತೆಂಟು ಜನ ಹೆಚ್ಚು. ಚಿಕ್ಕಮ್ಮ ನಮ್ಮ ಊಟದ ಮೇಜಿನ ಮೇಲೆ ಪಟ್ಟಿ ಹರಡಿಕೊಂಡು ಕೂತಳು.

"ನಿನ್ನ ಕಡೆ ವಾರಕ್ಕೊಂದು ತೊಟ್ಟಿಲು, ನನ್ನ ಕಡೆ ವಾರಕ್ಕೊಂದು ಚಟ್ಟ. ಮಕ್ಕಳೆಲ್ಲಾ ನಿನ್ನ ಪಾಲಿಗೆ, ಮುದುಕರೆಲ್ಲಾ ನನ್ನ ಪಾಲಿಗೆ."

"ಅದಕ್ಕೆ ನಾನೇನ್ ಮಾಡ್ಲೇ? ಅಷ್ಟೂ ಮಕ್ಕಳನ್ನ ನಾನೇ ಹೆತ್ತಿದ್ನಾ?"

ಚಿಕ್ಕಮ್ಮನ ಬೆರಳು ಅಮ್ಮನ ಪಟ್ಟಿಯ ಒಂದು ಸಾಲಿನ ಮೇಲೆ ನಿಂತಿತು. ಪೆಟ್ಟಿಗೆ ಕಾರ್ಖಾನೆಯ ಶೆಡ್ಡು, ಹೊರಗಿಂದ ಬಂದ ಕೆಲಸಗಾರರು, ನಾಲ್ಕು ಭಾಷೆಯವರು, ಒಟ್ಟು ಅರವತ್ತೆರಡು. ಆ ಶೆಡ್ಡು ಕಟ್ಟಿರುವುದೇ ಗಡಿಯ ಚರಂಡಿಯನ್ನು ಮುಚ್ಚಿ ಅದರ ಮೇಲೆ.

"ಇವ್ರನ್ನ ನೀನ್ಯಾಕೆ ಬರ್ಕೊಂಡೆ?"

"ಹಾಸಿಗೆ ಎಲ್ಲಾ ನನ್ನ ಕಡೆ ಇದ್ಯಲ್ಲೇ."

"ಗಣತೀಲಿ ಹಾಸಿಗೆ ಯಾರಕ್ಕ ಕೇಳ್ತಾರೆ? ಒಲೆ ಕೇಳ್ತಾರೆ."

ನಿಯಮ ಹಾಗೇ ಇತ್ತು. ಒಂದೇ ಒಲೆಯಲ್ಲಿ ಬೇಯಿಸಿದ್ದನ್ನು ಉಣ್ಣುವವರೆಲ್ಲ ಒಂದು ಮನೆ, ಒಲೆ ಇದ್ದ ಕಡೆ ಆ ಮನೆ. ಇಪ್ಪತ್ತು ವರ್ಷದ ಅನುಭವ ಇದ್ದ ಅಮ್ಮ ಅದನ್ನೇ ಮರೆತಿದ್ದಳು.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ಟೇಪು ಹಿಡಿದು ಶೆಡ್ಡಿಗೆ ಹೋದಳು. ಅಡುಗೆಯವನು ಸೌಟು ಹಿಡಿದೇ ಅಡ್ಡ ನಿಂತ.

"ಒಡೆಯೋಕ್ ಬಂದ್ರಾ ಮೇಡಂ?"

"ಇಲ್ಲಣ್ಣ, ಅಳೆಯೋಕೆ. ಸ್ವಲ್ಪ ಆ ಪಾತ್ರೆ ಸರಿಸು."

"ಒಲೆ ಉದ್ದಾನಾ, ಅಗಲಾನಾ?"

"ಅದು ಯಾರ ಕಡೆ ಇದೆ ಅಂತ."

"ಇದು ಹಸಿದವರ ಕಡೆ ಮೇಡಂ. ಬೇಗ ಅಳೀರಿ, ತಳ ಹತ್ತುತ್ತೆ."

ಒಲೆ ಚರಂಡಿಯಿಂದ ಮೂರಡಿ ಪೂರ್ವಕ್ಕಿತ್ತು. ಮೇಲಧಿಕಾರಿ ಬಂದು ನೋಡಿ ಒಪ್ಪಿದರು. ಅರವತ್ತೆರಡು ಜನ ಹಾಸಿಗೆಯಿಂದ ಏಳದೆಯೇ ಪೂರ್ವಕ್ಕೆ ಬಂದುಬಿಟ್ಟರು. ಅಮ್ಮ ತಿದ್ದುಪಡಿಗೆ ಸಹಿ ಹಾಕಿದಳು. ಚಿಕ್ಕಮ್ಮನ ಕಾಲು ನೆಲದ ಮೇಲಿರಲಿಲ್ಲ. ಕಚೇರಿಯ ಕಿಟಕಿ ತಾನೇ ಒರೆಸಿದಳು, ಕುರ್ಚಿಗೆ ಹೊಸ ದಿಂಬು ತಂದಳು.

ಆ ಆದೇಶದ ಎರಡನೇ ಪುಟವನ್ನು ಅವಳಿಗೆ ಓದಿ ಹೇಳಿದ್ದು ಜವಾನ. ಕಚೇರಿ ಯಾವ ಕಡೆಯಾದರೂ ಇರಲಿ, ಮುಖ್ಯ ಗುಮಾಸ್ತೆಯ ಕುರ್ಚಿ ಸೇವೆಯಲ್ಲಿ ಹಿರಿಯರಾದವರಿಗೆ.

ಸೋಮವಾರ ಅಮ್ಮ ಊಟದ ಡಬ್ಬಿ ಹಿಡಿದು ಹೋಗಿ, ಚಿಕ್ಕಮ್ಮ ಹದಿನಾರು ವರ್ಷ ಕೂತಿದ್ದ ಜಾಗದಲ್ಲಿ, ಆ ಹೊಸ ದಿಂಬಿನ ಮೇಲೆ ಕೂತಳು. ಚಿಕ್ಕಮ್ಮನ ಮೇಜು ಕಪಾಟಿನ ಪಕ್ಕಕ್ಕೆ ಹೋಯಿತು.

"ಇಲ್ಲಿ ಗಾಳಿ ಎಷ್ಟ್ ಚೆನ್ನಾಗಿ ಬರುತ್ತೆ ಕಣೇ. ಅಲ್ಲಿ ಬರೀ ಸೆಖೆ."

"ಹೂಂ," ಅಂದಳಂತೆ ಚಿಕ್ಕಮ್ಮ, "ಇನ್ಮೇಲೆ ಗಾಳೀನೂ ನಿನ್ನ ಕಡೆನೇ ಬರ್ಕೋ."